ಪಕ್ಕದ ಮನೆಯ ಬ್ಯಾಟರಿ

"ವಿಮಲಾಕ್ಷಿ ಆಂಟಿ ಮನೆ ಹೊಸ ಬ್ಯಾಟರಿ ಏನೂ ಮುರ್ಕೊಳ್ಳಲ್ವಂತೆ ಕಣಮ್ಮ. ಏನೂ ಅಂದ್ರೆ ಏನೂ ಇಲ್ಲ. ಗೋಡೆಗೆ ಕ್ಯಾಲೆಂಡರ್ ಥರ ನೇತು ಹಾಕಿದಾರೆ, ಬೆಳಗಾಗೋವರೆಗೂ ಎಸಿ ಓಡುತ್ತಂತೆ, ಆಂಟಿಗೆ ಏನೂ ಆಗಿಲ್ಲ. ಮೊದಲಿಗಿಂತ ಜಾಸ್ತಿನೇ ಮಾತಾಡ್ತಿದಾರೆ."

ಚಪ್ಪಲಿ ಬಿಡುವುದಕ್ಕೂ ಮುಂಚೆ ನಾನು ಇಷ್ಟನ್ನೂ ಒದರಿಬಿಟ್ಟಿದ್ದೆ. ಅಮ್ಮ ಗ್ರೈಂಡರಿನ ಮುಂದೆ ಮಣೆ ಹಾಕಿಕೊಂಡು ಕೂತು, ಬದಿಗೆ ಅಂಟಿದ ಉದ್ದಿನ ಹಿಟ್ಟನ್ನು ಕೈಯಿಂದ ಒಳಕ್ಕೆ ತಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

"ಏನೂ ಮುರ್ಕೊಳ್ದೆ ಕೊಡೋಳು ಹೆತ್ತ ತಾಯಿ ಒಬ್ಳೇ," ಅಂದಳು. "ಅವಳೂ ಆಮೇಲೆ ಎತ್ತಿ ಆಡ್ತಾಳೆ."

ನಮ್ಮೂರಲ್ಲಿ ಕರೆಂಟು ಹಗಲಿಗೆ ಮಾತ್ರ. ಹೊತ್ತು ಮುಳುಗುತ್ತಿದ್ದ ಹಾಗೆ ಆಫೀಸು ಮುಗಿಸಿದ ಗುಮಾಸ್ತನ ಥರ ಎದ್ದು ಹೊರಟುಬಿಡುತ್ತದೆ, ಬೆಳಗಾಗುವ ತನಕ ಯಾರು ಕರೆದರೂ ತಿರುಗಿ ನೋಡುವುದಿಲ್ಲ. ಹಾಗಾಗಿ ಎಲ್ಲರ ಮನೆಯಲ್ಲೂ ಬ್ಯಾಟರಿ. ಬ್ಯಾಟರಿ ಅಂದಮೇಲೆ ಅದು ಮನೆಯವರಿಂದ ಏನನ್ನಾದರೂ ಮುರಿದುಕೊಳ್ಳಲೇಬೇಕು. ಸಂಬಳದಲ್ಲಿ ಮುರಿದುಕೊಂಡ ಹಾಗೆ, ಯಾರನ್ನೂ ಕೇಳುವುದಿಲ್ಲ. ಅಂಗಡಿಯವನು ಹೇಳುವ ಬೆಲೆಯೇ ಬೇರೆ, ಮನೆಗೆ ಬಂದಮೇಲೆ ಅದು ಮುರಿದುಕೊಳ್ಳುವುದೇ ಬೇರೆ. ಗಂಡು ಹೆಣ್ಣು ನೋಡುವಾಗ ಜಾತಕಕ್ಕಿಂತ ಮುಂಚೆ ಕೇಳುವುದು ಇದನ್ನೇ: ನಿಮ್ಮ ಮನೆಯಲ್ಲಿ ಯಾವ ಬ್ಯಾಟರಿ, ಏನು ಮುರಿದುಕೊಂಡಿದೆ?

ನಮ್ಮದು ನೀರಿನ ಬ್ಯಾಟರಿ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕೂತು, ಡಿಸ್ಟಿಲ್ಡ್ ವಾಟರ್ ಕುಡಿದುಕೊಂಡು, ಆಗಾಗ ಅಜ್ಜಂದಿರ ಥರ ತೇಗುತ್ತಾ, ನಮ್ಮ ಚುರುಕನ್ನು ಮುರಿದುಕೊಳ್ಳುತ್ತಿತ್ತು. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಯಾರೂ ಓಡಿದ್ದಿಲ್ಲ. ಅಪ್ಪ ಬಸ್ ಸ್ಟಾಪಿಗೆ ಹೋಗುವುದನ್ನು ನೋಡಿದರೆ ದೇವರ ಮೆರವಣಿಗೆಯಲ್ಲಿ ಮುಂದೆ ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು. ಕಂಡಕ್ಟರಿಗೂ ಅಭ್ಯಾಸವಾಗಿತ್ತು. ನೀರಿನ ಬ್ಯಾಟರಿಯವರು ಕೈ ಎತ್ತಿದರೆ ಸೀಟಿ ಊದಿ ನಿಲ್ಲಿಸಿ, ಕೆಳಗಿಳಿದು ಕಾಫಿ ಕುಡಿದು ಬರುತ್ತಿದ್ದ. ಅಮ್ಮನ ದೋಸೆ ಹಿಟ್ಟು ಅಷ್ಟು ನುಣ್ಣಗಿರುವುದಕ್ಕೆ ಈ ನಿಧಾನವೇ ಕಾರಣ ಅಂತ ಬೀದಿಯಲ್ಲಿ ಅನ್ನುವವರಿದ್ದರು. ಅಮ್ಮ ಮಾತ್ರ, ಅದು ಬ್ಯಾಟರಿಯದ್ದಲ್ಲ, ನನ್ನ ಮೂಗಿನದ್ದು ಅನ್ನುತ್ತಿದ್ದಳು.

ಅದು ನಿಜ ಕೂಡ. ಬೀದಿಗೆಲ್ಲ ಹಿಟ್ಟು ಕೊಡುವವಳು ನಮ್ಮಮ್ಮ, ಮಂಗಳಕ್ಕ ಅಂತಲೇ ಎಲ್ಲರೂ ಕರೆಯುವುದು. ನೆನೆಸಿದ ಅಕ್ಕಿಯನ್ನು ಸಂಜೆ ಬಸಿಯುವಾಗ ಒಂದು ಸಲ ಮೂಸಿ, ಇವತ್ತು ಮೆಂತ್ಯೆ ಎಷ್ಟು, ನಿನ್ನೆಯ ಹಿಟ್ಟು ಎಷ್ಟು ಬೆರೆಸಬೇಕು ಅಂತ ತೀರ್ಮಾನ ಮಾಡುತ್ತಾಳೆ. ಬೆಳಕು ಹರಿಯುವ ಮುಂಚೆ ಪಾತ್ರೆಗಳ ಮುಚ್ಚಳ ಸರಿಸಿ ಇನ್ನೊಂದು ಸಲ ಮೂಸುತ್ತಾಳೆ. ಇದು ಇಡ್ಲಿಗೆ, ಇದು ದೋಸೆಗೆ, ಇದು ಇನ್ನೊಂದು ಗಳಿಗೆ ಇರಲಿ. ಆಮೇಲೆ ಜನ ಪಾತ್ರೆ ಹಿಡಿದುಕೊಂಡು ಬಂದು ನಿಲ್ಲುತ್ತಾರೆ. ಅವಳ ಮೂಗು ತಪ್ಪಿದ್ದನ್ನು ನಮ್ಮ ಬೀದಿ ನೋಡಿರಲಿಲ್ಲ.

ಈಗ ನಮ್ಮ ಬ್ಯಾಟರಿ ಸಾಯುವುದಕ್ಕೆ ಬಂದಿತ್ತು. ಅದು ಸಾಯುತ್ತಾ ಬಂದಂತೆ ನಮ್ಮ ಕಾಲುಗಳು ಚುರುಕಾಗುತ್ತಾ ಬಂದವು. ಅಪ್ಪ ಒಂದು ದಿನ ಬಸ್ಸಿನ ಹಿಂದೆ ಓಡಿ, ಓಡಿ ಅಭ್ಯಾಸವಿಲ್ಲದ್ದರಿಂದ ನಿಲ್ಲುವುದು ಹೇಗೆಂದು ಗೊತ್ತಾಗದೆ, ಬಸ್ಸನ್ನೂ ದಾಟಿಕೊಂಡು ಹೋದರು. ಕಂಡಕ್ಟರ್ ಇನ್ನೂ ಕಾಫಿ ಅಂಗಡಿಯಲ್ಲೇ ಇದ್ದ. ನನಗಂತೂ ಕಾಲಿಗೆ ರೆಕ್ಕೆ ಬಂದ ಹಾಗಿತ್ತು. ಕಾಲೇಜಿನ ಖೋ ಖೋ ತಂಡದಲ್ಲಿ, ಹಿಂದೆ ನೀರಿನ ಬಾಟ್ಲಿ ಕಾಯುತ್ತಿದ್ದವಳನ್ನು ಆಟಕ್ಕೆ ಇಳಿಸಿದ್ದರು. ಆದರೆ ಗ್ರೈಂಡರ್ ಅರ್ಧಕ್ಕೇ ಮುಗ್ಗರಿಸಲು ಶುರುವಾಗಿತ್ತು. ಹಿಟ್ಟು ನಿಂತರೆ ಮನೆ ನಿಂತ ಹಾಗೆ. ಹೊಸ ಬ್ಯಾಟರಿ ಬೇಕು. ಯಾವುದು?

ಅಪ್ಪ ನಾಲ್ಕು ಅಂಗಡಿ ಸುತ್ತಿ ಬೆಲೆ ತಿಳಿದುಕೊಂಡು ಬಂದರು. ಅಮ್ಮ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. "ಕಾಲೇಜಲ್ಲಿ ಎಕನಾಮಿಕ್ಸ್ ಅಂತ ಏನೋ ಓದ್ತೀಯಲ್ಲ. ಹೋಗಿ ಒಂದೊಂದು ಮನೇನೂ ಕೇಳ್ಕೊಂಡು ಬಾ. ಎಷ್ಟಕ್ಕೆ ತಂದ್ರಿ ಅಂತ ಕೇಳ್ಬೇಡ, ಏನು ಹೋಯ್ತು ಅಂತ ಕೇಳು."

ಮೊದಲು ಹೋದದ್ದು ಲಿಥಿಯಂ ಮನೆಗೆ, ಮೂಲೆಯ ತಿರುಮಲೇಶ ಅಂಕಲ್ ಮನೆ. ಲಿಥಿಯಂ ಮುರಿದುಕೊಳ್ಳುವುದು ಸಿಟ್ಟನ್ನು. ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು ಅಂತ ಅಂಗಡಿಯವರು ಹೇಳುತ್ತಾರಂತೆ, ಹೋಗುವುದೂ ಒಳ್ಳೆಯದಕ್ಕೇ ಅಂತ. ನಾನು ಹೋದಾಗ ಅವರ ಗೇಟಿನ ಮುಂದೆ ಚಂದಾ ಎತ್ತುವವರ ಸಾಲು ಇತ್ತು. ಗಣಪತಿಯವರು, ಅಣ್ಣಮ್ಮನವರು, ಯಾವುದೋ ಊರಿನ ಕ್ರಿಕೆಟ್ ತಂಡದವರು. ಅಂಕಲ್ ಎಲ್ಲರಿಗೂ ನಗುನಗುತ್ತಾ ಕೊಡುತ್ತಿದ್ದರು. ತರಕಾರಿಯವನು ಕೊಳೆತ ಟೊಮೆಟೊಗಳನ್ನೆಲ್ಲ ಅವರ ಮನೆಗೇ ಅಂತ ಬೇರೆ ಬುಟ್ಟಿಯಲ್ಲಿ ತರುತ್ತಾನೆ, ಆಂಟಿ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಸೊಸೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಮದುವೆಯಾದಾಗಿನಿಂದ ಅತ್ತೆ ಜತೆ ಒಂದು ದಿನವೂ ಜಗಳವಾಡಿಲ್ಲ ಅಂತ ತುಂಬ ಶಾಂತವಾಗಿ ಹೇಳಿದಳು. ಹೇಳಬೇಕಾದ್ದೆಲ್ಲ ಸಾಲಾಗಿ ನೆನಪಿದೆಯಂತೆ, ಸಿಟ್ಟು ಮಾತ್ರ ಬರುತ್ತಿಲ್ಲವಂತೆ. "ಈ ಬ್ಯಾಟರಿ ಒಂದು ಸಾಯ್ಲಿ ಸಿಂಚು," ಅಂದಳು ಮುಗುಳ್ನಗುತ್ತಾ. "ಆಮೇಲೆ ಇದೆ." ಅವಳು ಅಷ್ಟು ತಣ್ಣಗೆ ಹೇಳಿದ್ದಕ್ಕೇ ನನಗೆ ಬೆನ್ನಲ್ಲಿ ಚಳಿ ಬಂತು.

ಶ್ರೀಕಂಠ ಮೇಷ್ಟ್ರ ಮನೆಯಲ್ಲಿ ಬ್ಯಾಟರಿಯೇ ಇಲ್ಲ. ಲಾಂದ್ರದ ಮುಂದೆ ಕೂತು, ಬ್ಯಾಟರಿ ಇಲ್ಲದೆ ಮನುಷ್ಯ ಎಷ್ಟು ಸ್ವತಂತ್ರವಾಗಿರಬಹುದು ಅಂತ ಅವರು ಹೇಳುತ್ತಾ ಹೋದರು. ಎಣ್ಣೆ ಮುಗಿದು ದೀಪ ಆರಿದ ಮೇಲೂ ಹೇಳುತ್ತಿದ್ದರು. ಅವರ ಹೆಂಡತಿ ಎಲ್ಲಿ ಅಂತ ಕೇಳಿದೆ. ಫೋನ್ ಚಾರ್ಜಿಗೆ ಹಾಕಲು, ಹಾಗೇ ಸೀರಿಯಲ್ ನೋಡಲು, ನಮ್ಮ ಮನೆಗೇ ಹೋಗಿದ್ದರು.

ಆಮೇಲೆ ಖಲೀಲ್ ಮಾಮ. ನಮ್ಮ ಎಡಗಡೆ ಗೋಡೆಯಾಚೆ ಅವರ ಮನೆ, ಮುಂದಿನ ಕೋಣೆಯಲ್ಲೇ ಟೈಲರಿಂಗು. ಖಲೀಲ್ ಮಾಮ ಟೇಪು ಹಿಡಿಯುವವರಲ್ಲ. ಬಾಗಿಲಲ್ಲಿ ನಿಂತವರನ್ನು ಒಂದು ಸಲ ಕಣ್ಣೆತ್ತಿ ನೋಡಿದರೆ ಮುಗಿಯಿತು, ಎದೆ, ಸೊಂಟ, ತೋಳು ಎಲ್ಲ ಬಂದುಬಿಡುತ್ತದೆ. ಮದುವೆಗೆ ಮುಂಚೆ ದಪ್ಪಗಾಗುವವರು, ಸಣ್ಣಗಾಗುವವರು ಯಾರು ಅಂತಲೂ ಗೊತ್ತಾಗುತ್ತದೆ. ಅವರ ಬ್ಯಾಟರಿ ಮಾತ್ರ ಹೊಸದಲ್ಲ, ಗುಜರಿಗೆ ಬಂದ ಎಲೆಕ್ಟ್ರಿಕ್ ಆಟೋದಿಂದ ತೆಗೆದದ್ದು. ಅಗ್ಗ. ಆದರೆ ಮನೆಯವರ ಮರ್ಜಿಯನ್ನು ಮುರಿದುಕೊಂಡು, ಆ ಜಾಗದಲ್ಲಿ ಆಟೋದ ಮರ್ಜಿಯನ್ನು ಕೂರಿಸುತ್ತದೆ. ಹಗಲೆಲ್ಲ ಹಾಲಿನಂಥ ಮನುಷ್ಯ, ದೀಪ ಹಾಕಿದ ಮೇಲೆ ನೋಡಬೇಕು. ಪಫ್ ತೋಳು ಇಡಿ ಅಂದರೆ, ಆ ಕಡೆ ಬರಲ್ಲ ಅನ್ನುತ್ತಾರೆ. ಶುಕ್ರವಾರ ಬೇಕು ಅಂದರೆ, ಒಂದೂವರೆ ಆಗುತ್ತೆ ಅನ್ನುತ್ತಾರೆ. ಹೆಂಡತಿ ನೂರ್ ಮಾಮಿ ಊಟಕ್ಕೆ ಕರೆದರೆ ಕತ್ತು ಹೊರಗೆ ಹಾಕಿ, ಎಲ್ಲಿಗೆ ಅಂತ ಕೇಳಿ, ಇಲ್ಲ ಅಂತ ತಲೆ ಆಡಿಸಿ ಮತ್ತೆ ಹೊಲಿಯುತ್ತಾರೆ. ಮಾಮಿಯೂ ಕಡಿಮೆಯಿಲ್ಲ, ಚಿಲ್ಲರೆ ಇಲ್ಲ ಅಂತ ಸಾರು ಅರ್ಧ ಬಡಿಸುತ್ತಾರೆ. ಇಬ್ಬರೂ ಬೆಳಗ್ಗೆ ಎದ್ದು ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡು ಚಹಾ ಕುಡಿಯುತ್ತಾರೆ. ಅಳತೆಯ ಕಣ್ಣನ್ನು ಬಿಟ್ಟಿದೆಯಲ್ಲ, ಅದು ಸಾಕು ಅಂದರು ಮಾಮ.

ಕೊನೆಗೆ ಬಲಗಡೆಯ ವಿಮಲಾಕ್ಷಿ ಆಂಟಿ. ಅವರ ಆಚೆಗೆ ಖಾಲಿ ಸೈಟು, ಈಚೆಗೆ ನಾವು, ನಡುವೆ ಒಂದೇ ಗೋಡೆ. ಅವರು ಅವತ್ತು ಬೆಳಗ್ಗೆಯಷ್ಟೇ ತಂದು ಹಾಕಿಸಿದ್ದು 'ಶೂನ್ಯ' ಅನ್ನುವ ಹೊಸ ಕಂಪನಿಯದು, ಊರಿಗೇ ಮೊದಲನೆಯದು. ಅದನ್ನು ಹಾಲಿನಲ್ಲಿ ದೇವರ ಫೋಟೋ ಪಕ್ಕ ಹಾಕಿ, ಅದಕ್ಕೂ ಒಂದು ಕುಂಕುಮ ಇಟ್ಟಿದ್ದರು. ಏನು ಹೋಯಿತು ಆಂಟಿ ಅಂದೆ. ಏನೂ ಇಲ್ಲ ಅಂದರು. ಸಿಟ್ಟು? ಇದೆ ಅಂತ ತೋರಿಸಲು ಅಂಕಲ್‌ಗೆ ಒಂದು ಸಲ ಬೈದರು. ಚುರುಕು? ಇದೆ. ಇದನ್ನೇ ನಾನು ಅಮ್ಮನಿಗೆ ಬಂದು ಒದರಿದ್ದು.

ಅಪ್ಪ ಅವತ್ತೇ ಶೂನ್ಯಕ್ಕೆ ಮನಸ್ಸು ಕೊಟ್ಟರು. ಏನೂ ಹೋಗದೆ ಎಲ್ಲ ಬರುವುದಾದರೆ ಯೋಚನೆ ಮಾಡುವುದೇನು ಅನ್ನುವುದು ಅವರ ವಾದ. ಅಮ್ಮ, ನೋಡೋಣ ಅಂದಳು. ಅವಳಿಗೆ ನೋಡುವುದಕ್ಕೆ ಪುರುಸೊತ್ತೇ ಸಿಗಲಿಲ್ಲ, ಯಾಕೆಂದರೆ ಅವತ್ತು ಸಂಜೆಯೇ ಅವಳ ಮೂಗು ಕೈಕೊಟ್ಟಿತು.

ಮೊದಲ ಸಂಜೆ ಒಗ್ಗರಣೆ ಸೀದು ಕರ್ರಗಾದರೂ ಅವಳಿಗೆ ತಿಳಿಯಲಿಲ್ಲ. ಇಂಗು ಹಾಕಿದೆನಾ ಅಂತ ನನ್ನನ್ನು ಕೇಳಿದಳು. ಮನೆಯೆಲ್ಲ ಇಂಗು ಗಮಗಮ ಅನ್ನುತ್ತಿತ್ತು. ನೆಗಡಿ ಇರಬೇಕು ಅಂದುಕೊಂಡೆವು. ಬೆಳಗ್ಗೆ ಸೂರ್ಯ ಮೇಲೆ ಬಂದಾಗ ಮೂಗು ವಾಪಸ್ಸು ಬಂತು, ಸಂಜೆ ಮತ್ತೆ ಹೋಯಿತು. ದಿನವೂ ಹೀಗೆಯೇ. ಅವಳಿಗೆ ಮೂಗು ಬೇಕಾದ ಎರಡು ಹೊತ್ತೂ, ಅಕ್ಕಿ ಬಸಿಯುವ ಹೊತ್ತು ಮತ್ತು ಮುಚ್ಚಳ ಸರಿಸುವ ಹೊತ್ತು, ಮೂಗು ಇರುತ್ತಿರಲಿಲ್ಲ. ಬಸಿದ ಅಕ್ಕಿಯನ್ನು ಮುಖಕ್ಕೆ ಹಿಡಿದುಕೊಂಡು ಅವಳು ಕಣ್ಣು ಮುಚ್ಚಿ ನಿಲ್ಲುವುದನ್ನು ನಾನು ನೋಡಿದೆ. ಯಾರೋ ಹೆಸರು ಹಿಡಿದು ಕರೆಯಬಹುದು ಅಂತ ಕಾಯುವವರ ಥರ ನಿಂತಿರುತ್ತಿದ್ದಳು. ಆಮೇಲೆ ಮೆಂತ್ಯೆಯನ್ನು ಅಂದಾಜಿಗೆ ಹಾಕುತ್ತಿದ್ದಳು. ನಮ್ಮಮ್ಮ ಅಂದಾಜಿಗೆ ಏನನ್ನೂ ಹಾಕಿದವಳಲ್ಲ.

ಹಿಟ್ಟು ಒಂದು ದಿನ ಹುಳಿ, ಒಂದು ದಿನ ಏಳಲೇ ಇಲ್ಲ. ಜನ ಮೊದಲು ಏನೂ ಅನ್ನಲಿಲ್ಲ. ಮೇಷ್ಟ್ರ ಹೆಂಡತಿ, ನಮ್ಮ ಟಿವಿಯ ಮುಂದೆ ಕೂತೇ, ಇತ್ತೀಚೆಗೆ ನಾವು ದೋಸೆ ಕಡಿಮೆ ಮಾಡಿದ್ದೇವೆ ಅಂದರು. ಪಾತ್ರೆ ಹಿಡಿದು ಬರುವವರು ಕಡಿಮೆಯಾದರು. ಎಲ್ಲರಿಗಿಂತ ಬಿಚ್ಚಿ ಹೇಳಿದವರು ವಿಮಲಾಕ್ಷಿ ಆಂಟಿಯೇ. ಗೋಡೆ ಮೇಲಿಂದ ಬಗ್ಗಿ, ನಮ್ಮ ಮನೆಯವರು ನಿನ್ನ ಹಿಟ್ಟಿನ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದರು ಮಂಗಳಾ, ಯಾಕೆ, ಕೈ ಬದಲಾಯಿಸಿದ್ದೀಯಾ ಅಂತ ಕೇಳಿದರು. ಅಮ್ಮ ಅವರು ಕೇಳಿದ್ದ ಸಕ್ಕರೆಯನ್ನೂ ಕೊಟ್ಟು ಕಳಿಸಿದಳು.

ಡಾಕ್ಟರ ಹತ್ತಿರ ಹೋದೆವು. ಹಗಲು ಹೋದ್ದರಿಂದ ಮೂಗು ಚೆನ್ನಾಗಿಯೇ ಇತ್ತು. ಅಮ್ಮ ಡಾಕ್ಟರಿಗೇ, ನಿಮ್ಮ ಡಬ್ಬಿಯಲ್ಲಿ ಬೆಂಡೆಕಾಯಿ ಪಲ್ಯ ಹಳಸಿದೆ, ತಿನ್ನಬೇಡಿ ಅಂತ ಹೇಳಿ ಬಂದಳು. ನಮ್ಮ ಅನುಮಾನವೆಲ್ಲ ಮೆಟ್ಟಿಲ ಕೆಳಗಿನ ಮುದಿ ಬ್ಯಾಟರಿಯ ಮೇಲೆ ಬಿತ್ತು. ಹೋಗುತ್ತಾ ಹೋಗುತ್ತಾ ಮೂಗನ್ನೂ ಮುರಿದುಕೊಂಡು ಹೋಗುತ್ತಿದೆ ಅಂತ ಅಪ್ಪ ಅದಕ್ಕೆ ಬೈದು ವೈರು ಕಿತ್ತರು. ಮೇಣದಬತ್ತಿಯಲ್ಲಿ ಕೂತೆವು. ನಮ್ಮ ಕಾಲುಗಳು ಇನ್ನಷ್ಟು ಚುರುಕಾಗಿ ಕತ್ತಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದದ್ದು ಬಿಟ್ಟರೆ ಪ್ರಯೋಜನವಾಗಲಿಲ್ಲ. ಮೂಗು ಬರಲಿಲ್ಲ, ಅಪ್ಪ ವೈರನ್ನು ಮತ್ತೆ ಸಿಕ್ಕಿಸಿದರು.

ಅದು ಬಂದದ್ದು ವಿಮಲಾಕ್ಷಿ ಆಂಟಿ ಮನೆಯವರು ಯಾವುದೋ ಗೃಹಪ್ರವೇಶಕ್ಕೆ ಅಂತ ಮನೆಗೆ ಬೀಗ ಹಾಕಿ ಪರವೂರಿಗೆ ಹೋದ ಸಂಜೆ. ಅಮ್ಮ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದವಳು ಹಾಗೇ ನಿಂತುಬಿಟ್ಟಳು. ನೂರ್ ಮಾಮಿ ಮೆಂತ್ಯೆ ಸೊಪ್ಪು ಬಾಡಿಸುತ್ತಿದ್ದಾಳೆ ಅಂದಳು. ಮೇಷ್ಟ್ರ ಲಾಂದ್ರದ ಬತ್ತಿ ಸುಡುತ್ತಿದೆ ಅಂದಳು. ನನ್ನ ತಲೆ ಮೂಸಿ, ಶಾಂಪೂ ಯಾವಾಗ ಬದಲಾಯಿಸಿದೆ ಅಂತ ಕೇಳಿದಳು. ಒದ್ದೆ ಕೈಯಲ್ಲೇ ಓಡಿ ಹೋಗಿ ಅಕ್ಕಿ ಬಸಿದಳು. ಮಾರನೆಯ ಬೆಳಗ್ಗೆಯ ಹಿಟ್ಟು ಹೇಗಿತ್ತೆಂದರೆ, ಖಲೀಲ್ ಮಾಮ ಪಾತ್ರೆ ಹಿಡಿದು ಎರಡನೇ ಸಲ ಬಂದರು.

ಅವತ್ತು ಸಂಜೆ ಆಂಟಿ ಮನೆಯವರು ವಾಪಸ್ಸು ಬಂದರು. ಅಮ್ಮ ಅಕ್ಕಿಯ ಜರಡಿಯನ್ನು ಮುಖದ ಹತ್ತಿರ ಹಿಡಿದಿದ್ದಳು. ಗೋಡೆಯಾಚೆ ಸ್ವಿಚ್ ಒತ್ತಿದ ಸದ್ದು, ಎಸಿ ಗುಂಯ್ ಅಂತ ಶುರುವಾಯಿತು. ಅಮ್ಮ ಎಳೆದುಕೊಂಡಿದ್ದ ಉಸಿರು ಅರ್ಧಕ್ಕೇ ನಿಂತಿತು. ಅವಳು ಜರಡಿಯನ್ನು ಕೆಳಗಿಟ್ಟು ಆ ಗೋಡೆಯನ್ನು ನೋಡಿದಳು. ನಾನೂ ಅಪ್ಪನೂ ನೋಡಿದೆವು. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ, ನಮ್ಮದೇ ಸುಣ್ಣ.

ಅಪ್ಪ ಸಿಟ್ಟಿಗೆದ್ದು ಶೂನ್ಯ ಕಂಪನಿಯ ಏಜೆಂಟಿಗೆ ಫೋನ್ ಮಾಡಿದರು. ಮಾರನೇ ದಿನ ಮಧ್ಯಾಹ್ನ ಅವನು ಟೈ ಕಟ್ಟಿಕೊಂಡು ಬಂದ. ಹೆಸರು ಪ್ರದ್ಯುಮ್ನ. ನಮ್ಮ ದೂರನ್ನು ಕೇಳುತ್ತಿದ್ದ ಹಾಗೆ ಮುಖ ಅರಳಿತು, ಬ್ಯಾಟರಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತಾಯ್ತಲ್ಲ ಅಂದ. ಅವನಿಗೆ ನಾಚಿಕೆ ಅನ್ನುವುದೇ ಇರಲಿಲ್ಲ. ಯಾರ ಮನೆ ಬ್ಯಾಟರಿ ಮುರಿದುಕೊಂಡಿತ್ತೋ. ಅಂಗಡಿಯಲ್ಲಿ ಸಿಗುವ ಬೇರೆ ಬ್ಯಾಟರಿಗಳು ಹಗಲೂ ಮುರಿದುಕೊಳ್ಳುತ್ತವೆ, ನಮ್ಮ ಶೂನ್ಯ ಓಡುವಾಗ ಮಾತ್ರ, ಅದೂ ಗಿರಾಕಿಯಿಂದ ಅಲ್ಲ, ಅತಿ ಹತ್ತಿರದ ಮನೆಯಿಂದ, ಆ ಮನೆಯಲ್ಲಿ ಯಾವುದು ಹೆಚ್ಚಿಗೆ ಇದೆಯೋ ಅದನ್ನು, ಅಂತ ವಿವರಿಸಿದ. ನಿಮ್ಮಲ್ಲಿ ಮೂಗು ಹೆಚ್ಚಿಗೆ ಇತ್ತು, ಅಷ್ಟೇ ಅಂದ.

ಹಾಗಾದರೆ ನಾವೇನು ಮಾಡಬೇಕು ಅಂತ ಅಪ್ಪ ಕೇಳಿದರು. ಪ್ರದ್ಯುಮ್ನ ಚೀಲದಿಂದ ಬಣ್ಣದ ಕಾಗದ ತೆಗೆದು ಅಮ್ಮನ ಕೈಗೆ ಕೊಟ್ಟ.

"ನೀವೂ ಒಂದು ತಗೊಳ್ಳಿ ಮೇಡಂ. ಗಿರಾಕಿ ಮನೆ ಅಂದ್ರೆ ಇನ್ನೊಂದು ಶೂನ್ಯ ಮುಟ್ಟಲ್ಲ. ಹಾಕಿದ ಸಂಜೆಯಿಂದಾನೇ ನಿಮ್ಮ ಮೂಗು ನಿಮ್ಮದು."

"ಮತ್ತೆ ನಮ್ಮದು ಎಲ್ಲಿಂದ ಮುರ್ಕೊಳ್ಳುತ್ತೆ?" ಅಮ್ಮ ಕೇಳಿದಳು.

"ಅದು ಆ ಕಡೆ ಮನೆ ವಿಷಯ ಮೇಡಂ," ಅಂತ ಎಡಗಡೆ ಗೋಡೆಯನ್ನು ತೋರಿಸಿದ. "ನಿಮಗ್ಯಾಕೆ ಆ ಯೋಚನೆ. ಅವರೂ ಆಮೇಲೆ ಒಂದು ತಗೋತಾರೆ. ಹೀಗೇ ಇಡೀ ಬೀದಿಗೆ ಒಳ್ಳೇದಾಗುತ್ತೆ."

ಬೀದಿಯ ಕೊನೆಯ ಮನೆಗೆ ಏನಾಗುತ್ತದೆ ಅಂತ ನಾನು ಕೇಳಿದೆ. ಕೊನೆಯ ಮನೆಯವರು ಯಾವತ್ತೂ ಕಂಪನಿಗೆ ಫೋನ್ ಮಾಡಿಲ್ಲ ಅಂದ.

ಎಡಗಡೆ ಮನೆಯಲ್ಲಿ ಹೆಚ್ಚಿಗೆ ಇರುವುದು ಏನು ಅಂತ ನಮ್ಮ ಮೂವರಿಗೂ ಗೊತ್ತಿತ್ತು. ಖಲೀಲ್ ಮಾಮ ದೀಪ ಹಾಕಿಕೊಂಡೇ ಕತ್ತರಿ ಹಾಕುವುದು, ಹಗಲೆಲ್ಲ ಗಿರಾಕಿಗಳ ಜತೆ ಮಾತಿಗೇ ಹೋಗುತ್ತದೆ. ಆ ಹೊತ್ತಿಗೆ ಕಣ್ಣಿನ ಅಳತೆ ಇಲ್ಲದಿದ್ದರೆ ಮುಗಿಯಿತು. ಅಪ್ಪ ನೆಲ ನೋಡುತ್ತಾ, ಎಲ್ಲರೂ ಹೀಗೇ ಮಾಡುವಾಗ ನಾವೊಬ್ಬರೇ ಮೂಗು ಕಳೆದುಕೊಂಡು ಕೂರಬೇಕಾ ಅಂದರು. ನಾನೂ ಒಳ್ಳೆಯವಳೇನಲ್ಲ, ಶೂನ್ಯ ಬಂದರೆ ಕಾಲುಗಳು ಹೀಗೇ ಚುರುಕಾಗಿ ಉಳಿಯುತ್ತವೆ, ಜಿಲ್ಲಾ ಮಟ್ಟಕ್ಕೆ ಆಡಬಹುದು ಅಂತ ಆಗಲೇ ಮನಸ್ಸಲ್ಲಿ ಓಡುತ್ತಿದ್ದೆ. ಅಮ್ಮ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಎಷ್ಟು ದಿನಕ್ಕೆ ತಂದು ಹಾಕುತ್ತೀರಿ ಅಂತ ಕೇಳಿದಳು. ನಾಳೆಯೇ ಅಂದ. ಅವಳು ಬಸಿಯಬೇಕಾದ ಅಕ್ಕಿಯ ಕಡೆ ನೋಡಿದಳು, ಆಮೇಲೆ ನಮ್ಮ ಬಾಗಿಲ ಹತ್ತಿರ ಖಾಲಿ ಬಿದ್ದಿದ್ದ, ಪಾತ್ರೆಯವರು ನಿಲ್ಲುತ್ತಿದ್ದ ಜಾಗವನ್ನು ನೋಡಿದಳು. ಪೆನ್ನು ಕೊಡು ಸಿಂಚು ಅಂದಳು.

ನಾನು ಪೆನ್ನು ತಂದೆ. ಅಷ್ಟರಲ್ಲಿ ನೂರ್ ಮಾಮಿ ಗೋಡೆ ಮೇಲಿಂದ ಒಂದು ಪೊಟ್ಟಣ ಚಾಚಿದರು, ನನ್ನ ಹೊಸ ಕುರ್ತಾ. ಬಟ್ಟೆ ಕೊಟ್ಟು ಬಂದಿದ್ದೆನೇ ಹೊರತು ನಾನು ಅಳತೆ ಕೊಟ್ಟಿರಲಿಲ್ಲ. ಹಿಂದಿನಿಂದ ಮಾಮ ಕೂಗಿ ಹೇಳುತ್ತಿದ್ದರು, ಹುಡುಗಿ ಈಚೆಗೆ ಓಡಾಡ್ತಾಳೆ, ಸೊಂಟ ಒಂದು ಚೂರು ಹಿಡಿದಿದ್ದೀನಿ, ಭುಜ ಬಿಟ್ಟಿದ್ದೀನಿ ಅಂತ. ಅಮ್ಮ ಅದನ್ನು ಬಿಚ್ಚಿ ನನ್ನ ಬೆನ್ನಿಗೆ ಹಿಡಿದಳು. ಎಲ್ಲೂ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳ ಬೆರಳು ಹೊಲಿಗೆಯ ಮೇಲೆ ನಿಧಾನವಾಗಿ ಹೋಯಿತು.

"ಈ ಕಣ್ಣನ್ನ ತಗೊಂಡು ನಾನು ಏನು ರುಬ್ಲಿ?" ಅಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಪ್ರದ್ಯುಮ್ನನಿಗೆ ಕಾಗದ ವಾಪಸ್ಸು ಕೊಟ್ಟಳು.

ಅವನು ಹೋದ ಮೇಲೆ ಅಪ್ಪ ಸ್ವಲ್ಪ ಹೊತ್ತು ಹಾರಾಡಿದರು. ಮತ್ತೆ ನೀರಿನ ಬ್ಯಾಟರಿಯನ್ನೇ ತರುವುದು ಅಂತ ಅಮ್ಮ ಹೇಳಿದಾಗ ಇನ್ನೂ ಹಾರಾಡಿದರು. ಅವರಿಗೆ ಈಗ ತಾನೇ ಬಸ್ಸಿನ ಮುಂದಿನ ಸೀಟು ಸಿಗಲು ಶುರುವಾಗಿತ್ತು. ಅಮ್ಮನ ಲೆಕ್ಕ ಚಿಕ್ಕದಿತ್ತು. ನೀರಿನದು ಕಾಲು ಹಿಡಿಯುತ್ತೆ, ಆದರೆ ನಮ್ಮ ಕಾಲನ್ನೇ ಹಿಡಿಯುತ್ತೆ, ತಡವಾದರೆ ನಮಗೇ ತಡ ಅಂದಳು. ನನ್ನ ಖೋ ಖೋ ಮುಗಿಯಿತು ಅಂತ ನನಗೆ ಅಲ್ಲೇ ಗೊತ್ತಾಯಿತು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಮೂಗಿನ ಕಥೆ ಏನು ಅಂತ ಅಪ್ಪ ಕೇಳಿದ್ದು ಸರಿಯಾಗಿಯೇ ಇತ್ತು. ನೀರಿನ ಬ್ಯಾಟರಿ ತಂದರೆ ಗ್ರೈಂಡರ್ ತಿರುಗುತ್ತದೆ, ಮೂಗು ಬರುವುದಿಲ್ಲ.

"ಅದಕ್ಕೇ ಹೊರಟಿದ್ದೀನಿ," ಅಂದಳು ಅಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ.

ನಾನು ಹಿಂದೆಯೇ ಹೋದೆ. ಹೊತ್ತು ಮುಳುಗಿತ್ತು. ವಿಮಲಾಕ್ಷಿ ಆಂಟಿ ಎಸಿ ಹಾಕಿಕೊಂಡು ಶಾಲು ಹೊದ್ದು ಕೂತಿದ್ದರು. ಬಾ ಮಂಗಳಾ, ಬಾಗಿಲು ಹಾಕು, ತಂಪು ಹೋಗುತ್ತೆ ಅಂದರು. ಅವರ ಗಂಡ ಗೋಪಿನಾಥ್ ಅಂಕಲ್ ಒಳಗೆ ಪೇಪರ್ ಓದುತ್ತಿದ್ದರು. ಅಮ್ಮ ಕೂರಲಿಲ್ಲ. ಬ್ಯಾಟರಿ ಹಾಕುವಾಗ ಏಜೆಂಟು ನಿಮಗೆ ಏನು ಹೇಳಿದ್ದ ಅಂತ ಕೇಳಿದಳು, ಅಷ್ಟೇ.

ಆಂಟಿ ಶಾಲು ಸರಿಮಾಡಿಕೊಂಡರು. ಮೊದಲು ಏನೂ ಹೇಳಿಲ್ಲ ಅಂದರು. ಅಮ್ಮ ನಿಂತೇ ಇದ್ದಳು. ಆಮೇಲೆ ಆಂಟಿ, ಅದರಲ್ಲಿ ತಪ್ಪೇನು ಅನ್ನುವ ದನಿಯಲ್ಲೇ ಹೇಳಿದರು.

"ಪಕ್ಕದ ಮನೆಯಿಂದ ಏನೋ ಸಣ್ಣ ಪುಟ್ಟದ್ದು ಹೋಗ್ಬಹುದು ಅಂದ. ನಿಮ್ಮನೇಲಿ ತಗೊಳ್ಳೋಂಥದ್ದು ಏನಿದೆ ಅಂತ ನಾನೂ ಸುಮ್ನಾದೆ ಕಣೇ."

ನನಗೆ ಕಿವಿ ಬಿಸಿಯಾಯಿತು. ಬಾಯಿ ತೆರೆದೆ, ಅಮ್ಮ ನನ್ನ ಕೈ ಹಿಡಿದುಕೊಂಡಳು. ಅವಳ ಕೈಯಲ್ಲಿ ಇನ್ನೂ ಉದ್ದಿನ ಜಿಗುಟು ಇತ್ತು.

"ನನ್ನ ಮೂಗಿತ್ತು," ಅಂದಳು.

ಒಳಗೆ ಪೇಪರ್ ಮಡಚಿದ ಸದ್ದಾಯಿತು. ಆಂಟಿ ಗೋಡೆಯ ಮೇಲಿನ ಬ್ಯಾಟರಿಯನ್ನೂ ಅಮ್ಮನ ಮುಖವನ್ನೂ ನೋಡಿದರು. ಹುಳಿ ಹಿಟ್ಟು, ತಟ್ಟೆಯಲ್ಲಿ ಬಿಟ್ಟ ದೋಸೆ, ತಾವೇ ಗೋಡೆ ಮೇಲಿಂದ ಬಗ್ಗಿ ಕೇಳಿದ್ದು, ಎಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಬಂದು ಕೂರುವುದು ನನಗೆ ಕಾಣಿಸಿತು. ತೆಗೆಸಿಬಿಡು ಅಂತ ಮಾತ್ರ ಹೇಳಬೇಡ ಮಂಗಳಾ, ಸೆಕೆಯಲ್ಲಿ ನನಗೆ ನಿದ್ದೆ ಬರಲ್ಲ ಅಂದರು.

ತೆಗೆಸಿ ಅಂತ ಕೇಳುವುದಕ್ಕೆ ಬಂದಿಲ್ಲ ಅಂದಳು ಅಮ್ಮ. ಇಟ್ಟುಕೊಳ್ಳಿ, ಓಡಿಸಿ, ಆದರೆ ನನ್ನ ಕೆಲಸ ನಿಲ್ಲುವ ಹಾಗಿಲ್ಲ. ಮೂಗು ನಿಮ್ಮ ಮನೆಗೆ ಹೋಗಿದೆ, ನೀವು ನಮ್ಮ ಮನೆಗೆ ಬನ್ನಿ. ಸಂಜೆ ಅಕ್ಕಿ ಬಸಿಯುವ ಹೊತ್ತಿಗೆ ಒಂದು ಸಲ, ಬೆಳಕು ಹರಿಯುವ ಮುಂಚೆ ಮುಚ್ಚಳ ಸರಿಸುವಾಗ ಒಂದು ಸಲ. ನೀವು ಮೂಸಿ ಹೇಳಿ, ನಾನು ರುಬ್ಬುತ್ತೇನೆ. ಮೊದಮೊದಲು ಗೊತ್ತಾಗಲ್ಲ, ಕಲಿಸುತ್ತೇನೆ. ಹಿಟ್ಟು ಕೆಟ್ಟರೆ ಪಾತ್ರೆ ಹಿಡಿದು ನಿಂತವರಿಗೆ ಯಾಕೆ ಕೆಟ್ಟಿತು ಅಂತ ನೀವೇ ಹೇಳಬೇಕು.

ಆಂಟಿ ಬೆಳಗಿನ ಜಾವದ ನಿದ್ದೆಯ ಬಗ್ಗೆ ಏನೋ ಶುರುಮಾಡಿದರು. ಒಳಗಿನಿಂದ ಗೋಪಿನಾಥ್ ಅಂಕಲ್, ಹೋಗು ವಿಮಲಾ, ಒಂದು ಒಳ್ಳೇ ದೋಸೆ ತಿಂದು ಎಷ್ಟು ದಿನ ಆಯ್ತು ಅಂದರು. ಅಲ್ಲಿಗೆ ಆಂಟಿಯ ಕಡೆ ಯಾರೂ ಉಳಿಯಲಿಲ್ಲ. ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು.

"ಎಷ್ಟು ದಿನ ಬರ್ಬೇಕು?"

"ಇದಕ್ಕೆ ಗ್ಯಾರಂಟಿ ಎಷ್ಟು ವರ್ಷ ಕೊಟ್ಟಿದಾನೆ?"

ಆಂಟಿ ಹೇಳಿದರು. ತುಂಬ ಮೆಲ್ಲಗೆ ಹೇಳಿದ್ದರಿಂದ ನನಗೆ ಕೇಳಿಸಲಿಲ್ಲ, ಅಮ್ಮನಿಗೆ ಕೇಳಿಸಿತು. ಅವಳು ತಲೆ ಆಡಿಸಿ ಬಾಗಿಲು ತೆಗೆದಳು. ಹೊರಗಿನ ಸೆಕೆ ಒಳಗೆ ಬಂತು.

"ಸರಿ ಹಾಗಾದ್ರೆ. ನಾಳೆ ಸಂಜೆ, ದೀಪ ಹಾಕೋ ಹೊತ್ತಿಗೆ," ಅಂದಳು ಅಮ್ಮ. "ಸೆಂಟು ಹಾಕ್ಕೊಳ್ದೆ ಬನ್ನಿ."